ನಗರಸಭೆಯ ಹಳೇ ಶಾಲೆಗೆ ಅಮೆರಿಕದ ತೆರಿಗೆ ಕ್ರೆಡಿಟ್: ಕೊಡಗಿನಲ್ಲಿ ಕೂತು ಮಾಡಿದ ವಿಮರ್ಶೆ

ಬೀಗ ಬಿದ್ದ ಹೆಂಚಿನ ಶಾಲೆಯ ಮಾತು ಕೊಡಗಿನ ಯಾವ ಪೇಟೆಯಲ್ಲಿ ಎದ್ದರೂ ಎರಡೇ ಕಡೆ ಹೊರಳುತ್ತದೆ. ಒಡೆದು ಕಾಂಪ್ಲೆಕ್ಸ್ ಕಟ್ಟೋಣ ಅಂತ ಕೆಲವರು, ಹಾಗೇ ಇರಲಿ ಬಿಡಿ ಅಂತ ಉಳಿದವರು. ಅಮೆರಿಕದಲ್ಲಿ ನೆಲೆಸಿರುವ ಮಕ್ಕಳು, ನೆಂಟರ ಬಾಯಿಂದ ಮೂರನೆಯ ಮಾತೂ ಬರುತ್ತದೆ: ಅಲ್ಲಿ ನಗರಾಡಳಿತದ ಹಳೇ ಶಾಲೆಗಳನ್ನು ‘ಹಿಸ್ಟಾರಿಕ್ ಟ್ಯಾಕ್ಸ್ ಕ್ರೆಡಿಟ್’ ಹಿಡಿದು ರಿಪೇರಿ ಮಾಡಿ ಮನೆಯೋ ಕಚೇರಿಯೋ ಮಾಡುತ್ತಾರೆ, ಇಲ್ಲಿ ಯಾಕೆ ಆಗಬಾರದು? ಆ ಯೋಜನೆಯನ್ನು ಒಂದು ಸೇವೆಯಂತೆ ಬಿಚ್ಚಿ ನೋಡಿ ಬರೆದ ವಿಮರ್ಶೆ ಇದು. ಏನು ಕೊಡುತ್ತದೆ, ಏನು ಕೇಳುತ್ತದೆ, ಎಲ್ಲಿ ಕೈಕೊಡುತ್ತದೆ, ನಮ್ಮ ಮಳೆಗೂ ಕಾಫಿ ದುಡ್ಡಿಗೂ ಹೊಂದುತ್ತದೆಯೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಉತ್ತರ ಮೊದಲೇ ಹೇಳಿಬಿಡುತ್ತೇವೆ. ಇದರ ದುಡ್ಡಿನ ಲೆಕ್ಕ ಕೊಡಗಿಗೆ ಒಗ್ಗುವುದಿಲ್ಲ. ಕಾಗದದ ಶಿಸ್ತು ಮಾತ್ರ ನಾಳೆಯಿಂದಲೇ ಎತ್ತಿಕೊಳ್ಳುವಂಥದ್ದು. ಹಳೇ ಕಟ್ಟಡಗಳನ್ನು ಉಳಿಸಿದ್ದರಲ್ಲಿ ಆ ಶಿಸ್ತಿನ ಪಾಲು ದುಡ್ಡಿನ ಪಾಲಿಗಿಂತ ಕಡಿಮೆಯೇನಲ್ಲ.

ಮೊದಲು ಲೆಕ್ಕ. ಅಮೆರಿಕದ ಕೇಂದ್ರ ಸರ್ಕಾರ 1976ರಲ್ಲಿ ಹಳೇ ಕಟ್ಟಡಗಳಿಗೆ ತೆರಿಗೆಯ ಉತ್ತೇಜನ ಶುರು ಮಾಡಿತು. 1986ರ ತಿದ್ದುಪಡಿಯಿಂದ ಈಚೆಗೆ ದರ ಶೇ. 20. ಅರ್ಹ ರಿಪೇರಿ ಖರ್ಚಿನ ಐದನೇ ಒಂದು ಭಾಗ, ಮಾಲೀಕರು ಕಟ್ಟಬೇಕಾದ ಆದಾಯ ತೆರಿಗೆಯಲ್ಲೇ ನೇರವಾಗಿ ಕಳೆಯುತ್ತದೆ. ಆದಾಯದಲ್ಲಿ ಕಳೆದುಕೊಳ್ಳುವ ವಿನಾಯಿತಿ ಬೇರೆ, ಇದು ಬೇರೆ. ಮೊದಲು ಅಷ್ಟೂ ಹಣ ಒಂದೇ ವರ್ಷಕ್ಕೆ ಸಿಗುತ್ತಿತ್ತು. 2017ರ ತೆರಿಗೆ ಕಾನೂನು ಅದನ್ನು ವರ್ಷಕ್ಕೆ ಶೇ. 4ರಂತೆ ಐದು ವರ್ಷಕ್ಕೆ ಹಂಚಿತು, 1936ಕ್ಕಿಂತ ಹಿಂದಿನ ಸಾಮಾನ್ಯ ಹಳೇ ಕಟ್ಟಡಗಳಿಗಿದ್ದ ಶೇ. 10ರ ಕ್ರೆಡಿಟ್ಟನ್ನು ತೆಗೆದೇ ಹಾಕಿತು. ಈಗ ಉಳಿದಿರುವುದು ಐತಿಹಾಸಿಕವೆಂದು ಪ್ರಮಾಣೀಕರಿಸಿದ ಕಟ್ಟಡಗಳದ್ದು ಮಾತ್ರ.

ಶೇ. 20 ಅನ್ನುವುದು ಕಿವಿಗೆ ಹಿತವಾಗಿ ಕೇಳುತ್ತದೆ, ಕೈಗೆ ಅಷ್ಟು ಬರುವುದಿಲ್ಲ. ಲೆಕ್ಕ ತಿಳಿಯಲೆಂದು ಒಂದು ಶಾಲೆಯನ್ನು ಊಹಿಸಿಕೊಳ್ಳಿ. ನೆಲದ ಬೆಲೆ ಬಿಟ್ಟು ಕಟ್ಟಡದ ಖರೀದಿ 4,00,000 ಡಾಲರ್, ಕೆಲಸದ ಖರ್ಚು 30,00,000 ಡಾಲರ್. ಖರೀದಿ ಬೆಲೆ ಕ್ರೆಡಿಟ್ಟಿನ ಲೆಕ್ಕಕ್ಕೆ ಬರುವುದಿಲ್ಲ. ಕಾರು ನಿಲ್ಲಿಸುವ ಜಾಗ, ತೋಟ, ಕಾಂಪೌಂಡು, ಹೊಸದಾಗಿ ಸೇರಿಸಿದ ಕಟ್ಟಡ ಯಾವುದೂ ಬರುವುದಿಲ್ಲ. ಅವಕ್ಕೆ 2,50,000 ಹೋಯಿತು ಅಂದುಕೊಂಡರೆ ಅರ್ಹ ಖರ್ಚು 27,50,000. ಕ್ರೆಡಿಟ್ 5,50,000, ಅಂದರೆ ವರ್ಷಕ್ಕೆ 1,10,000ದಂತೆ ಐದು ಕಂತು. ಕಟ್ಟಡ ಮಾಡುವವರಿಗೆ ಅಷ್ಟು ತೆರಿಗೆಯೇ ಇರುವುದಿಲ್ಲ. ಹಾಗಾಗಿ ಬ್ಯಾಂಕನ್ನೋ ದೊಡ್ಡ ಕಂಪನಿಯನ್ನೋ ಪಾಲುದಾರರಾಗಿ ಸೇರಿಸಿಕೊಂಡು ಕ್ರೆಡಿಟ್ ಅವರ ಪಾಲಿಗೆ ಹೋಗುವಂತೆ ಮಾಡಿ, ಬದಲಿಗೆ ಅವರಿಂದ ಬಂಡವಾಳ ಪಡೆಯುತ್ತಾರೆ. ಡಾಲರಿಗೆ 85 ಸೆಂಟ್ ಸಿಕ್ಕಿತು ಅನ್ನಿ, ಕೈಗೆ ಬಂದದ್ದು 4,67,500. ಒಟ್ಟು 34,00,000ದ ಕೆಲಸದಲ್ಲಿ ಅದು ಶೇ. 14ರ ಆಸುಪಾಸು. ಇದರಲ್ಲೇ ವಕೀಲರು, ಲೆಕ್ಕಪರಿಶೋಧಕರು, ಸಂರಕ್ಷಣಾ ಸಲಹೆಗಾರರ ಫೀಸು ಹೋಗಬೇಕು. ಸಣ್ಣ ಕೆಲಸಕ್ಕೂ ದೊಡ್ಡ ಕೆಲಸಕ್ಕೂ ಆ ಫೀಸಿನಲ್ಲಿ ಬಹಳ ವ್ಯತ್ಯಾಸವಿಲ್ಲದ ಕಾರಣ ಸಣ್ಣ ಶಾಲೆಗಳು ಇಲ್ಲಿಯೇ ಸೋಲುತ್ತವೆ. ಕ್ರೆಡಿಟ್ ಹುಟ್ಟುವುದೂ ಕೆಲಸ ಮುಗಿದು ಕಟ್ಟಡ ಬಳಕೆಗೆ ತೆರೆದ ವರ್ಷದಿಂದ. ಅಲ್ಲಿಯವರೆಗೆ ಸಾಲ ತಂದು ನಡೆಸಬೇಕು, ಬಡ್ಡಿಯೂ ಸೇರುತ್ತದೆ. ಇಷ್ಟಾದ ಮೇಲೂ ಆ ಶೇ. 14 ಇಲ್ಲದಿದ್ದರೆ ಬ್ಯಾಂಕು ತಿರುಗಿಯೂ ನೋಡದ ಎಷ್ಟೋ ಶಾಲೆಗಳಿವೆ. ಮೂವತ್ತಕ್ಕೂ ಹೆಚ್ಚು ರಾಜ್ಯಗಳು ತಮ್ಮದೇ ಕ್ರೆಡಿಟ್ಟನ್ನು ಇದರ ಮೇಲೆ ಕೊಡುತ್ತವೆ. ಕಡಿಮೆ ಆದಾಯದವರ ಮನೆಗಳಿಗಿರುವ ಬೇರೊಂದು ತೆರಿಗೆ ಕ್ರೆಡಿಟ್ಟನ್ನೂ ಜೋಡಿಸಬಹುದು. ಹಳೇ ಶಾಲೆಗಳು ಬಾಡಿಗೆ ಮನೆಗಳಾಗಿರುವುದು ಹೆಚ್ಚಾಗಿ ಹೀಗೆ ಎರಡು ಮೂರು ಕಡೆಯ ಹಣ ಕೂಡಿದಾಗ.

ಮಾಲೀಕತ್ವದ ಗಂಟು

ಯೋಜನೆಯ ದೊಡ್ಡ ತೊಡಕು ಇರುವುದು ಇಲ್ಲಿ. ನಗರಾಡಳಿತ ಆದಾಯ ತೆರಿಗೆ ಕಟ್ಟುವುದಿಲ್ಲ. ತೆರಿಗೆಯೇ ಇಲ್ಲದವರಿಗೆ ತೆರಿಗೆ ಕ್ರೆಡಿಟ್ ಇದ್ದೂ ಇಲ್ಲ. ಶಾಲೆ ನಗರದ ಹೆಸರಿನಲ್ಲೇ ಇದ್ದು ನಗರವೇ ರಿಪೇರಿ ಮಾಡಿಸಿದರೆ ಒಂದು ಸೆಂಟೂ ಬಾರದು. ದಾರಿ ಎರಡು. ಒಂದು, ಕಟ್ಟಡವನ್ನು ಲಾಭದ ಉದ್ದೇಶದ ಸಂಸ್ಥೆಗೆ ಮಾರುವುದು. ಇನ್ನೊಂದು, ನೆಲ ಮತ್ತು ಕಟ್ಟಡ ನಗರದ್ದಾಗಿಯೇ ಉಳಿಸಿಕೊಂಡು ದೀರ್ಘಾವಧಿ ಗುತ್ತಿಗೆಗೆ ಕೊಡುವುದು. ಗುತ್ತಿಗೆದಾರ ತಾನು ಮಾಡಿದ ಖರ್ಚಿಗೆ ಕ್ರೆಡಿಟ್ ಕೇಳಬೇಕಾದರೆ, ಕೆಲಸ ಮುಗಿದ ದಿನ ಗುತ್ತಿಗೆಯಲ್ಲಿ ವಾಸದ ಕಟ್ಟಡವಾದರೆ 27.5 ವರ್ಷ, ಬೇರೆ ಬಳಕೆಯಾದರೆ 39 ವರ್ಷ ಬಾಕಿ ಇರಬೇಕು, ನವೀಕರಣದ ಅವಧಿಯನ್ನು ಎಣಿಸದೆ. ಸಹಿಯ ದಿನದಿಂದ 39 ಅಂತ ಬರೆದುಕೊಂಡು ಕೆಲಸಕ್ಕೆ ಎರಡು ವರ್ಷ ತೆಗೆದುಕೊಂಡವರು 37ಕ್ಕೆ ಇಳಿದು ಕ್ರೆಡಿಟ್ಟನ್ನೇ ಕಳೆದುಕೊಳ್ಳುತ್ತಾರೆ.

ಮಾರಿದ ನಂತರ ನಗರವೇ ಬಾಡಿಗೆಗೆ ವಾಪಸು ಬಂದು ಲೈಬ್ರರಿಯನ್ನೋ ವಾರ್ಡ್ ಕಚೇರಿಯನ್ನೋ ಇಟ್ಟುಕೊಳ್ಳುತ್ತೇನೆ ಅಂದರೆ ಇನ್ನೊಂದು ಬೇಲಿ. ತಾನೇ ಮಾರಿ ತಾನೇ ಬಾಡಿಗೆಗೆ ಬರುವುದು, 20 ವರ್ಷ ಮೀರಿದ ಬಾಡಿಗೆ ಕರಾರು, ನಿಗದಿತ ಬೆಲೆಗೆ ಮತ್ತೆ ಕೊಳ್ಳುವ ಹಕ್ಕು, ಇವೆಲ್ಲ ‘ಅನರ್ಹ’ ಬಾಡಿಗೆಗಳ ಪಟ್ಟಿಯಲ್ಲಿವೆ. ತೆರಿಗೆ ಇಲ್ಲದ ಸಂಸ್ಥೆಗಳಿಗೆ ಹೀಗೆ ಕೊಟ್ಟ ಜಾಗ ಕಟ್ಟಡದ ಅರ್ಧಕ್ಕಿಂತ ಹೆಚ್ಚಾದರೆ ಆ ಭಾಗದ ಖರ್ಚು ಲೆಕ್ಕದಿಂದ ಬಿದ್ದುಹೋಗುತ್ತದೆ. 20 ವರ್ಷ ಎಣಿಸುವಾಗ ನವೀಕರಣದ ಆಯ್ಕೆಯೂ ಸೇರುತ್ತದೆ, ಆಗಿನ ಮಾರುಕಟ್ಟೆ ಬಾಡಿಗೆಗೆ ನವೀಕರಿಸುವ ಆಯ್ಕೆಯೊಂದನ್ನು ಬಿಟ್ಟು. ಮೊದಲೇ ಗೊತ್ತು ಮಾಡಿದ ಬಾಡಿಗೆಗೆ 10 ವರ್ಷ ಮತ್ತು ಇನ್ನೆರಡು ಸಲ 10 ಅಂತ ಬರೆದರೆ ಅದು 30. ಹಿಂದಿನ ಲೆಕ್ಕದಲ್ಲಿ ನವೀಕರಣ ಹೊರಗೆ, ಈ ಲೆಕ್ಕದಲ್ಲಿ ಒಳಗೆ. ಇವೆರಡನ್ನು ಅದಲು ಬದಲು ಮಾಡಿಕೊಳ್ಳುವುದು ಸುಲಭ.

ಹೂಡಿಕೆದಾರ ಬರೀ ಹೆಸರಿಗೆ ಪಾಲುದಾರನಾದರೂ ನಡೆಯುವುದಿಲ್ಲ. ಅಟ್ಲಾಂಟಿಕ್ ಸಿಟಿಯ ಬೋರ್ಡ್‌ವಾಕ್ ಹಾಲ್ ರಾಜ್ಯ ಸರ್ಕಾರದ ಸಂಸ್ಥೆಯೊಂದರ ಕೈಯಲ್ಲಿದ್ದ ಸಭಾಂಗಣ. ಅದರ ರಿಪೇರಿಗೆ ಬಂದ ಕಂಪನಿಗೆ ನಷ್ಟದ ಭಯವೂ ಇಲ್ಲ, ಲಾಭದ ನಿಜವಾದ ಪಾಲೂ ಇಲ್ಲ, ಹಾಗಾಗಿ ಅದು ಪಾಲುದಾರನೇ ಅಲ್ಲ ಎಂದು 2012ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಮಾರುಕಟ್ಟೆ ನಡುಗಿತು. 2014ರಲ್ಲಿ ತೆರಿಗೆ ಇಲಾಖೆ ಹೊರಡಿಸಿದ ಮಾರ್ಗಸೂಚಿಯಿಂದ ಮತ್ತೆ ನೆಲೆ ಸಿಕ್ಕಿತು. ಹೂಡಿಕೆದಾರ ತಾನು ಹಾಕಬೇಕಾದ ಹಣದಲ್ಲಿ ಕನಿಷ್ಠ ಶೇ. 20ನ್ನು ಕಟ್ಟಡ ತೆರೆಯುವ ಮೊದಲೇ ಹಾಕಿರಬೇಕು ಎನ್ನುವುದು ಅದರ ಒಂದು ಷರತ್ತು. ಸರ್ಕಾರಿ ಆಸ್ತಿಯಲ್ಲಿ ಖಾಸಗಿ ಹಣ ಸೇರಿಸುವ ಯಾರೇ ಆಗಲಿ ಈ ಪ್ರಕರಣವನ್ನು ಓದಿಕೊಂಡಿರಬೇಕು.

ಇನ್ನು ‘ಗಣನೀಯ ರಿಪೇರಿ’ ಪರೀಕ್ಷೆ. ಆಯ್ದುಕೊಂಡ 24 ತಿಂಗಳ ಅವಧಿಯಲ್ಲಿ ಅರ್ಹ ಖರ್ಚು, ಕಟ್ಟಡದ ಲೆಕ್ಕದ ಬೆಲೆ (ನೆಲ ಬಿಟ್ಟು ಕೊಂಡ ಬೆಲೆಗೆ ಸುಧಾರಣೆ ಸೇರಿಸಿ ಸವಕಳಿ ಕಳೆದದ್ದು) ಅಥವಾ 5,000 ಡಾಲರ್, ಇವೆರಡರಲ್ಲಿ ಹೆಚ್ಚಿನದನ್ನು ಮೀರಬೇಕು. ಕಡಿಮೆ ಬೆಲೆಗೆ ಬಂದ ಪಾಳು ಶಾಲೆಗೆ ಇದು ಸುಲಭ. ಹಂತ ಹಂತವಾಗಿ ಮಾಡುವುದಾದರೆ 60 ತಿಂಗಳು ಸಿಗುತ್ತದೆ. ಆದರೆ ಹಂತಗಳ ನಕ್ಷೆ, ವಿವರ ಎಲ್ಲ ಕೆಲಸ ಶುರುವಾಗುವ ಮುಂಚೆಯೇ ತಯಾರಾಗಿರಬೇಕು, ಆಮೇಲೆ ಸೇರಿಸಿದರೆ ಒಪ್ಪುವುದಿಲ್ಲ. ಇದನ್ನು ನಮ್ಮ ಕ್ಯಾಲೆಂಡರಿನ ಮೇಲಿಟ್ಟು ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡು ಬಿಚ್ಚುವ ಮಾತೇ ಇಲ್ಲ. ಕಾವೇರಿ ಸಂಕ್ರಮಣ ಕಳೆದರೂ ಹಿಂಗಾರಿನ ಮಳೆ ಬಿಟ್ಟು ಬಿಟ್ಟು ಬರುತ್ತದೆ. ಪುತ್ತರಿ ಆದ ಮೇಲೆ ಆಕಾಶ ನಂಬಬಹುದು, ಆದರೆ ಅಷ್ಟೊತ್ತಿಗೆ ಕಾಫಿ ಕುಯ್ಲು ಶುರು. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ, ಕೂಲಿಯಾಳು ಸಿಗುವುದಿಲ್ಲ. ಆಮೇಲೆ ಹೂಮಳೆ. 24 ತಿಂಗಳಲ್ಲಿ ಮಾಡು ತೆರೆದಿಟ್ಟು ಕೆಲಸ ಮಾಡಲು ಸಿಗುವುದು ಎರಡೇ ಬೇಸಿಗೆ. ಕೊಡಗಿನ ಹೆಂಚಿನ ಕಟ್ಟಡಕ್ಕೆ ಒಂದೇ ವರ್ಷದ ಟೆಂಡರ್ ಅವಧಿ ಹಾಕುವುದು ತಪ್ಪು ಅನ್ನುವುದಕ್ಕೂ ಇದೇ ಕಾರಣ.

ಮೂರು ಅರ್ಜಿ, ಹತ್ತು ಮಾನದಂಡ

ನಮಗೆ ನಿಜವಾಗಿ ಮೆಚ್ಚುಗೆಯಾದದ್ದು ಈ ಭಾಗ. ಅರ್ಜಿ ಮೂರು ತುಂಡು. ಭಾಗ 1ರಲ್ಲಿ ಕಟ್ಟಡ ಯಾಕೆ ಮುಖ್ಯ ಅನ್ನುವುದನ್ನು ತೋರಿಸಬೇಕು. ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಯಲ್ಲಿ ಆ ಕಟ್ಟಡವೊಂದೇ ಸ್ವತಂತ್ರವಾಗಿ ಸೇರಿದ್ದರೆ ಸಾಮಾನ್ಯವಾಗಿ ಇದು ಬೇಕಿಲ್ಲ. ಭಾಗ 2ರಲ್ಲಿ ಈಗಿನ ಸ್ಥಿತಿ ಏನು, ಏನು ಮಾಡುತ್ತೇವೆ ಅನ್ನುವುದು ಒಂದೊಂದು ಅಂಗಕ್ಕೂ ಬೇರೆ ಬೇರೆಯಾಗಿ: ಮಾಡು, ಗೋಡೆ, ಕಿಟಕಿ, ಮೊಗಸಾಲೆ, ಮೆಟ್ಟಿಲು, ವಿದ್ಯುತ್ತು, ನೀರು. ಭಾಗ 3 ಕೆಲಸ ಮುಗಿದ ಮೇಲೆ. ಮೊದಲು ರಾಜ್ಯದ ಸಂರಕ್ಷಣಾ ಕಚೇರಿ, ಅಲ್ಲಿಂದ ರಾಷ್ಟ್ರೀಯ ಉದ್ಯಾನಗಳ ಇಲಾಖೆ, ಅರ್ಜಿ ಪೂರ್ತಿಯಾಗಿದ್ದರೆ ಎರಡು ಕಡೆಯೂ ಸಾಮಾನ್ಯವಾಗಿ 30 ದಿನದಂತೆ. ಅರ್ಜಿ ಪೂರ್ತಿಯಾಗಿದ್ದರೆ ಅನ್ನುವುದರಲ್ಲೇ ಎಲ್ಲ ಇದೆ. ಅರ್ಜಿ ವಾಪಸಾಗುವುದು ಹೆಚ್ಚಾಗಿ ಫೋಟೋ ಕಾರಣಕ್ಕೆ. ಪ್ರತಿ ಫೋಟೋಗೆ ನಂಬರು, ಅದೇ ನಂಬರು ನಕ್ಷೆಯ ಮೇಲೆ, ಕ್ಯಾಮೆರಾ ಯಾವ ಕಡೆ ನೋಡುತ್ತಿತ್ತು ಅನ್ನುವ ಬಾಣ. ಕೆಲಸ ಶುರುವಾದ ಮೇಲೆ ತೆಗೆದ ಫೋಟೋ ‘ಮೊದಲಿನ’ ಫೋಟೋ ಆಗುವುದಿಲ್ಲ. ಭಾಗ 2 ಒಪ್ಪಿಗೆಗೆ ಮುಂಚೆ ಕೆಲಸ ಶುರು ಮಾಡಿದರೆ ಕಾನೂನು ತಡೆಯುವುದಿಲ್ಲ, ಆದರೆ ಒಡೆದದ್ದನ್ನು ಒಪ್ಪದಿದ್ದರೆ ಹೊಣೆ ಮಾಲೀಕರದು.

ರಿಪೇರಿ ಹೇಗಿರಬೇಕು ಅನ್ನುವ ಮಾನದಂಡಗಳು ಹತ್ತು. ನಮ್ಮ ಹೆಂಚಿನ ಶಾಲೆಗೆ ನೇರ ತಾಗುವುದು ಮೂರು. ಕೆಟ್ಟದ್ದನ್ನು ಬದಲಿಸುವ ಮೊದಲು ರಿಪೇರಿ ಮಾಡಿ. ಮರಳು ಊದಿ ತಿಕ್ಕುವಂಥ, ಮೈ ಕೆತ್ತುವ ಶುಚಿಕ್ರಮ ಬೇಡ. ಹೊಸದಾಗಿ ಸೇರಿಸಿದ್ದು ಹೊಸದೆಂದು ತಿಳಿಯಬೇಕು, ಹಳೆಯದರ ಜೊತೆ ಹೊಂದಲೂ ಬೇಕು. ಶಾಲೆಗಳ ವಿಷಯದಲ್ಲಿ ಪರಿಶೀಲಕರ ಕಣ್ಣು ಮೊದಲು ಹೋಗುವುದು ಅಗಲವಾದ ಕಾರಿಡಾರಿಗೆ ಮತ್ತು ಸಭಾಂಗಣಕ್ಕೆ. ಒಂದು ತರಗತಿ ಒಂದು ಮನೆಯಾಗಬಹುದು, ಕಪ್ಪು ಹಲಗೆ ಗೋಡೆಯಲ್ಲೇ ಉಳಿಯಬಹುದು. ಕಾರಿಡಾರನ್ನು ಇಕ್ಕಟ್ಟು ಮಾಡಿ ಬಾಡಿಗೆ ಜಾಗ ಹೆಚ್ಚಿಸಿದರೆ, ಎತ್ತರದ ಕಿಟಕಿಗೆ ಅಡ್ಡವಾಗಿ ತಗ್ಗಿನ ಫಾಲ್ಸ್ ಸೀಲಿಂಗ್ ಎಳೆದರೆ, ಸಭಾಂಗಣವನ್ನು ಕೋಣೆಕೋಣೆಯಾಗಿ ಸೀಳಿದರೆ ಒಪ್ಪಿಗೆ ಕಷ್ಟ. ಪ್ರಮಾಣಪತ್ರ ಇಡೀ ಕಟ್ಟಡಕ್ಕೆ, ಅರೆಬರೆ ಕೊಡುವುದಿಲ್ಲ. ಒಂದು ಸಾಲಿನ ಕಿಟಕಿ ಕಿತ್ತು ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿದ ತಪ್ಪಿಗೆ ಮಾಡಿನ ಒಳ್ಳೇ ಕೆಲಸದ ಕ್ರೆಡಿಟ್ಟೂ ಹೋಗಬಹುದು. ತೆರೆದ ಮೇಲೂ ಐದು ವರ್ಷ ಕಾಯಬೇಕು. ಮೊದಲ ವರ್ಷದೊಳಗೆ ಮಾರಿದರೆ ಪೂರ್ತಿ ವಾಪಸು, ಆಮೇಲೆ ವರ್ಷಕ್ಕೆ ಶೇ. 20ರಂತೆ ಆ ಹೊರೆ ಇಳಿಯುತ್ತದೆ.

‘ಬದಲಿಸುವ ಮೊದಲು ರಿಪೇರಿ’ ಅನ್ನುವ ಒಂದು ಮಾತು ಕೊಡಗಿನ ಕಟ್ಟಡದಲ್ಲಿ ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಗೋಡೆಯ ತಲೆಯನ್ನು ನೋಡಿ. ಅಲ್ಲಿ ಉದ್ದಕ್ಕೂ ಒಂದು ಮರ ಮಲಗಿರುತ್ತದೆ, ಅದರ ಮೇಲೆ ಪಕಾಸುಗಳು ಕೂರುತ್ತವೆ, ಪಕಾಸಿನ ಮೇಲೆ ರೀಪು, ರೀಪಿನ ಮೇಲೆ ಹೆಂಚು. ಎರಡು ಮಾಡು ಸೇರುವ ಮೂಲೆಯ ತಗಡಿನ ದೋಣಿಯಲ್ಲಿ ಎಲೆ ಕಟ್ಟಿ ನೀರು ಉಕ್ಕಿದರೆ ಮೊದಲು ಕೆಡುವುದು ಈ ಮಲಗಿದ ಮರ. ಕೆಳಗೆ ನಿಂತವರಿಗೆ ಏನೂ ಕಾಣುವುದಿಲ್ಲ, ಬಣ್ಣ ಬಳಿದಿರುತ್ತದೆ. ಏಣಿ ಹತ್ತಿ ಸ್ಕ್ರೂಡ್ರೈವರ್ ತುದಿ ಒತ್ತಿದರೆ ಬೆಣ್ಣೆಗೆ ಚುಚ್ಚಿದ ಹಾಗೆ ಇಳಿಯುತ್ತದೆ. ಎಷ್ಟು ದೂರದವರೆಗೆ ಇಳಿಯುತ್ತದೋ ಅಷ್ಟಕ್ಕೆ ಸೀಮೆಸುಣ್ಣದ ಗೆರೆ ಹಾಕಿ. ಹೆಚ್ಚಾಗಿ ಅದು ಆ ಮೂಲೆಯ ಮೂರು ನಾಲ್ಕು ಅಡಿ ಮಾತ್ರ. ಅಂದಾಜುಪಟ್ಟಿಯಲ್ಲಿ ಬರುವುದು ಮಾತ್ರ ‘ಇಡೀ ಮಾಡು ಬಿಚ್ಚಿ ಕಬ್ಬಿಣದ ಟ್ರಸ್ ಹಾಕುವುದು’. ಸರಿಯಾದ ಕೆಲಸ ಹೀಗಿರುತ್ತದೆ: ಆ ಜಾಗದ ಹೆಂಚು ಇಳಿಸಿ, ಪಕಾಸುಗಳಿಗೆ ಕೆಳಗಿನಿಂದ ಊರುಗೋಲು ಕೊಟ್ಟು, ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಅದೇ ಅಳತೆಯ ಒಣಗಿದ ಮರವನ್ನು ಅರ್ಧಕ್ಕರ್ಧ ಕೊರೆದು ಒಂದರ ಮೇಲೊಂದು ಕೂರಿಸಿ ಬೋಲ್ಟ್ ಹಾಕುವುದು. ಹಸಿ ಮರ ಹಾಕಿದರೆ ಮೊದಲ ಬೇಸಿಗೆಗೇ ಸೆಳೆದು ಜೋಡಣೆ ಬಿಡುತ್ತದೆ. ಕೆಳಗೆ ಸಿಮೆಂಟ್ ಹಾಸಿದರೆ ಮರದಡಿ ನೀರು ನಿಲ್ಲುತ್ತದೆ, ಸುಣ್ಣದ ಗಾರೆ ಸಾಕು. ಸುತ್ತ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ನೀರು ಬಳಿದರೆ ಗೆದ್ದಲು, ಬೂಷ್ಟು ದೂರ. ತಗಡಿನ ದೋಣಿ ಸರಿಪಡಿಸದೆ ಇಷ್ಟೂ ಮಾಡಿದರೆ ಮತ್ತೆ ಅದೇ ಜಾಗ ಕೊಳೆಯುತ್ತದೆ.

ಹೆಂಚು ಇಳಿಸುವಾಗ ಬೆನ್ನು ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹಲವು ಕಾರ್ಖಾನೆಗಳು ಎದ್ದವು. ಒಂದೊಂದರ ಹೆಂಚಿನ ಅಂಚು, ಕಚ್ಚುವ ತೋಡು ಬೇರೆ ಬೇರೆ, ಒಂದರ ಹೆಂಚು ಇನ್ನೊಂದರ ಜೊತೆ ಕಚ್ಚುವುದಿಲ್ಲ. ಹಾಗಾಗಿ ಒಡೆದ ಹೆಂಚಿಗೆ ಬದಲಿ ತರುವಾಗ ಅಚ್ಚು ನೋಡಿ ತನ್ನಿ, ಇಲ್ಲವೇ ಒಳ್ಳೇ ಹಳೇ ಹೆಂಚನ್ನೆಲ್ಲ ಮುಂದಿನ ಮಾಡಿಗೆ ಸೇರಿಸಿ ಹೊಸದನ್ನು ಹಿಂದಿನ ಇಳಿಜಾರಿಗೆ ಹಾಕಿ. ರೀಪಿನ ಅಂತರಕ್ಕೆ ಟೇಪಿಗಿಂತ ಆ ಹೆಂಚೇ ಅಳತೆಗೋಲು. ಮಳೆ ಬೀಳುವ ಮುಂಚೆ ಕೆಲಸ ಮುಗಿಯದಿದ್ದರೆ ಮೇಲೆ ಶೀಟ್ ಹೊದಿಸುವುದರಲ್ಲಿ ತಪ್ಪೇನಿಲ್ಲ, ಬೇರೆ ಚೌಕಟ್ಟಿನ ಮೇಲೆ ನಿಲ್ಲಿಸಿ. ಹೆಂಚನ್ನು ತೂತು ಮಾಡಿ ಪಕಾಸಿಗೆ ಮೊಳೆ ಹೊಡೆದ ಶೀಟು ಬರುವ ವರ್ಷದ ಸೋರಿಕೆಗೆ ಇವತ್ತೇ ದಾರಿ ಮಾಡಿದಂತೆ.

ಗೋಡೆಯದೂ ಒಂದು ಮಾತು. ಜಂಬಿಟ್ಟಿಗೆ, ಮಣ್ಣು ಅಥವಾ ಸುಣ್ಣದ ಗಾರೆಯ ಗೋಡೆ ನೀರು ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಕೆಳಗಿನ ನಾಲ್ಕು ಅಡಿಗೆ ‘ಗಟ್ಟಿಯಾಗಲಿ’ ಅಂತ ಸಿಮೆಂಟ್ ಪ್ಲಾಸ್ಟರ್ ಬಡಿದರೆ ನೀರು ಹೊರಬರಲು ಜಾಗ ಸಿಗದೆ ಮೇಲೇರುತ್ತದೆ. ಸಿಮೆಂಟ್ ಮುಗಿಯುವ ಗೆರೆಯ ಮೇಲೆ ಬಿಳಿ ಉಪ್ಪು ಉದುರುವುದು ಇದಕ್ಕೇ. ಸಿಮೆಂಟ್ ಕಿತ್ತು, ಒಂದು ಬೇಸಿಗೆ ಗೋಡೆಯನ್ನು ಬೆತ್ತಲೆ ಬಿಟ್ಟು, ಆಮೇಲೆ 1 ಪಾಲು ಸುಣ್ಣಕ್ಕೆ 3 ಪಾಲು ಮರಳಿನ ಗಾರೆಯನ್ನು ತೆಳುವಾಗಿ ಎರಡು ಮೂರು ಸಲ ಬಳಿಯಬೇಕು. ಸುಣ್ಣ ಗಟ್ಟಿಯಾಗುವುದು ಗಾಳಿ ಒಳಗೆ ಹೋದರೆ. ಜುಲೈಯ ತೇವದಲ್ಲಿ ಬಳಿದ ಸುಣ್ಣ ನವೆಂಬರ್‌ವರೆಗೂ ಉಗುರಿಗೆ ಬರುತ್ತದೆ.

ಈಗ ಮೂಲ ಪ್ರಶ್ನೆಗೆ. ಇಂಥ ಕ್ರೆಡಿಟ್ ಇಲ್ಲಿಯೂ ಬಂದರೆ ಕೊಳ್ಳುವವರು ಯಾರು? ಕೊಡಗಿನ ದುಡ್ಡು ಕಾಫಿಯಲ್ಲಿದೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ತೋಟದವರೇ ಕಾಫಿಯನ್ನು ಕ್ಯೂರಿಂಗ್ (ಸಿಪ್ಪೆ ಬಿಡಿಸಿ ಬೀಜ ಹದಮಾಡುವುದು) ಮಾಡಿ ಮಾರಿದರೆ ಆ ಆದಾಯದ ಶೇ. 25, ಹುರಿದು ಪುಡಿ ಮಾಡಿ ಮಾರಿದರೆ ಶೇ. 40 ಮಾತ್ರ ತೆರಿಗೆಗೆ ಒಳಪಡುತ್ತದೆ. ಚೆರಿಯನ್ನೋ (ಸಿಪ್ಪೆಸಮೇತ ಒಣಗಿಸಿದ ಹಣ್ಣು) ಪಾರ್ಚ್‌ಮೆಂಟನ್ನೋ (ತೊಳೆದು ಒಣಗಿಸಿದ, ಒಳಸಿಪ್ಪೆ ಇರುವ ಬೀಜ) ಹಾಗೇ ಮಾರುವ ಬೆಳೆಗಾರರಿಗೆ ತೆರಿಗೆ ಕ್ರೆಡಿಟ್ ಕೊಟ್ಟರೂ ಕಳೆದುಕೊಳ್ಳಲು ತೆರಿಗೆ ಇಲ್ಲ. ಊರಿನ ಶಾಲೆಯ ಮೇಲೆ ಪ್ರೀತಿ ಇರುವವರ ಕೈಗೇ ಈ ಯೋಜನೆ ಎಟುಕುವುದಿಲ್ಲ.

ನಮ್ಮಲ್ಲಿ ಈಗಾಗಲೇ ಇರುವ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಯ ಖರ್ಚು) ಇದಕ್ಕೆ ಹೆಚ್ಚು ಒಗ್ಗುತ್ತದೆ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಐತಿಹಾಸಿಕ ಮಹತ್ವದ ಕಟ್ಟಡಗಳ ಪುನರುದ್ಧಾರ ಸ್ಪಷ್ಟವಾಗಿ ಇದೆ. ಕಾಯ್ದೆಯ ವ್ಯಾಪ್ತಿಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2 ಖರ್ಚು ಮಾಡಲೇಬೇಕು. ಇನ್ನೂ ಮುಖ್ಯವಾದದ್ದು, ಆ ಹಣದಿಂದ ಆದ ಆಸ್ತಿ ಸಾರ್ವಜನಿಕ ಪ್ರಾಧಿಕಾರದ ಹೆಸರಿನಲ್ಲಿ ಇರಬಹುದು. ಅಮೆರಿಕದಲ್ಲಿ ನಗರದ ಮಾಲೀಕತ್ವವೇ ಅಡ್ಡಿ, ಇಲ್ಲಿ ಅದೇ ಅನುಕೂಲ. ಮಾರಬೇಕಿಲ್ಲ, ನಾಲ್ಕು ದಶಕದ ಗುತ್ತಿಗೆಗೆ ಸರ್ಕಾರದ ಅನುಮತಿಗಾಗಿ ಅಲೆಯಬೇಕಿಲ್ಲ. 1996ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಕೃತಿ ನಿಧಿಯ ದಾರಿಯೂ ಇದೆ, ಅಲ್ಲಿಗೆ ಕೊಟ್ಟ ದೇಣಿಗೆಗೆ ಪೂರ್ತಿ ತೆರಿಗೆ ವಿನಾಯಿತಿ, ಹಳೇ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ. ಸಿಎಸ್‌ಆರ್‌ನ ಕೊರತೆ ಒಂದೇ. ಹಣ ಕೊಡುವವರು ಕಿಟಕಿ ಹೇಗೆ ರಿಪೇರಿಯಾಯಿತು ಎಂದು ಕೇಳುವುದಿಲ್ಲ, ಉದ್ಘಾಟನೆಯ ಫೋಟೋ ಸಾಕು. ಆ ಜಾಗಕ್ಕೆ ಅಮೆರಿಕದ ಮೂರು ಅರ್ಜಿಯನ್ನು ತಂದು ಕೂರಿಸಬೇಕು.

ನಗರಸಭೆಯೋ ಪಟ್ಟಣ ಪಂಚಾಯಿತಿಯೋ ಅದನ್ನು ತನ್ನ ಟೆಂಡರಿನ ಷರತ್ತಾಗಿಯೇ ಬರೆಯಬಹುದು. ನಂಬರು ಹಾಕಿದ ಫೋಟೋ ಮತ್ತು ಬಾಣದ ನಕ್ಷೆ ಇಲ್ಲದೆ ಅಂದಾಜುಪಟ್ಟಿಗೆ ಒಪ್ಪಿಗೆ ಇಲ್ಲ. ಮರಗೆಲಸ ‘ಇಡಿಯಾಗಿ’ ಅಂತ ಬೇಡ, ಕೊಳೆತದ್ದು ಎಷ್ಟು ರನ್ನಿಂಗ್ ಮೀಟರ್, ಯಾವ ಮೂಲೆ ಅಂತ ಬರಲಿ. ಕಿಟಕಿಗೆ ‘ಬದಲಿಸುವುದು’ ಅನ್ನುವ ಪದವೇ ಬೇಡ, ಒಂದೊಂದು ಕಿಟಕಿಗೂ ಒಂದು ಸಾಲು, ಯಾವ ಅಡ್ಡಪಟ್ಟಿ ಹೋಗಿದೆ ಎಂಬ ವಿವರದ ಜೊತೆ. ಕೊನೆಯ ಶೇ. 20 ಬಿಲ್ಲನ್ನು ಭಾಗ 3ರ ಹಾಗೆ, ಮೊದಲಿನ ಫೋಟೋ ತೆಗೆದ ಜಾಗದಲ್ಲೇ ನಿಂತು ತೆಗೆದ ಮುಗಿದ ಫೋಟೋ ಬಂದ ಮೇಲೆ ಬಿಡುಗಡೆ ಮಾಡಿ. ಗುಡ್ಡದ ಇಳಿಜಾರಿನಲ್ಲಿರುವ ಶಾಲೆಯಾದರೆ ಹೆಂಚಿಗಿಂತ ಮುಂಚೆ ಹಿಂಬದಿಯ ತಡೆಗೋಡೆ, ಅದರ ನೀರುಗಂಡಿ, ಮೇಲಿನ ಚರಂಡಿ ನೋಡಿಸಿ. 2018ರ ಆಗಸ್ಟಿನ ಭೂಕುಸಿತ ಕಂಡ ಜಿಲ್ಲೆಗೆ ಇದರ ಕಾರಣ ಬಿಡಿಸಿ ಹೇಳಬೇಕಿಲ್ಲ. ಯೋಜನೆಗೆ ನಮ್ಮ ಅಂಕ: ದುಡ್ಡಿನ ಭಾಗಕ್ಕೆ ಐದಕ್ಕೆ ಎರಡು, ಕಾಗದ ಮತ್ತು ಮಾನದಂಡಕ್ಕೆ ಐದಕ್ಕೆ ನಾಲ್ಕೂವರೆ.

ಈ ವರ್ಷ ಬೇರೇನೂ ಆಗದಿದ್ದರೂ ಮೇ ತಿಂಗಳಲ್ಲಿ ಇಬ್ಬರನ್ನು ಮಾಡಿಗೆ ಹತ್ತಿಸಿ. ತಗಡಿನ ದೋಣಿಯ ಎಲೆ ತೆಗೆಸಿ, ಜಾರಿದ ಹೆಂಚು ಕೂರಿಸಿ, ಕೋಡಿನ ಹೆಂಚಿನ ಗಾರೆ ಬಿಟ್ಟಿದ್ದರೆ ತುಂಬಿಸಿ, ಒಳಗೆ ಸೋರಿದ ಕಲೆ ಎಲ್ಲೆಲ್ಲಿದೆಯೋ ಅಲ್ಲಿ ಗೋಡೆಯ ಮೇಲೆ ಪೆನ್ಸಿಲಿನಿಂದ ತಾರೀಖು ಬರೆಸಿ. ಸೆಪ್ಟೆಂಬರಿನಲ್ಲಿ ಕಲೆ ಆ ಗೆರೆ ದಾಟಿದೆಯೋ ಇಲ್ಲವೋ ನೋಡಿದರೆ ಯಾವ ಮೂಲೆಯಿಂದ ಕೆಲಸ ಶುರುವಾಗಬೇಕು ಅನ್ನುವುದು ಗೊತ್ತಾಗುತ್ತದೆ.